ಎಲ್‌ಸಿ ತೆಗೆದುಕೊಂಡು ಕಂಬ ಹತ್ತು

ಪುಟ್ಟಿ,

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೊ ನೋಡಿದೆ. ಎನ್‌ವಿಡಿಯಾದವರ ಡ್ರೈವರ್ ಫೈಲನ್ನು ಇಳಿಸಿಕೊಂಡು ಟರ್ಮಿನಲ್ಲಿನಲ್ಲಿ ಓಡಿಸಿದ್ದೀಯ. ಅದು ‘ಎಕ್ಸ್ ಸರ್ವರ್ ನಡೆಯುತ್ತಿರುವ ಹಾಗಿದೆ, ಮೊದಲು ಅದರಿಂದ ಹೊರಗೆ ಬನ್ನಿ’ ಎಂದು ಹೇಳಿ ನಿಂತುಬಿಟ್ಟಿದೆ. ಕೆಳಗೆ ನೀನು ಬರೆದದ್ದು ಒಂದೇ ಸಾಲು: ‘ಮಾವ, ಹೊರಗೆ ಬರೋದು ಅಂದ್ರೆ ಎಲ್ಲಿಗೆ?’ ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಎರಡು ಮಾತಿನ ಉತ್ತರ ನಂಬಿಕೊಂಡು ಮುಂದೆ ಹೋದ ಮಕ್ಕಳು ಕಪ್ಪು ಪರದೆಯ ಮುಂದೆ ಕಣ್ಣೀರು ಹಾಕಿದ್ದನ್ನು ಕಾಲೇಜಿನ ಲ್ಯಾಬಿನಲ್ಲಿ ಬಹಳ ಸಲ ನೋಡಿದ್ದೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಓದಿ ಮುಗಿಸುವ ತನಕ ಆ ಫೈಲನ್ನು ಮುಟ್ಟಬೇಡ.

ನಿನ್ನಜ್ಜ ಲೈನ್‌ಮ್ಯಾನ್ ಆಗಿದ್ದವರು. ನೀನು ಹುಟ್ಟುವ ಹೊತ್ತಿಗೆ ರಿಟೈರ್ ಆಗಿದ್ದರು, ಅವರು ಕಂಬ ಹತ್ತಿದ್ದನ್ನು ನೀನು ಕಂಡಿಲ್ಲ. ನಾನು ಟಾರ್ಚ್ ಹಿಡಿದುಕೊಂಡು ಕೆಳಗೆ ನಿಂತಿರುತ್ತಿದ್ದೆ. ಎಂಥ ಅವಸರವಿದ್ದರೂ, ಊರಿಗೆ ಊರೇ ಕತ್ತಲಲ್ಲಿ ಕೂತು ಬೈಯುತ್ತಿದ್ದರೂ, ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತೆಗೆದುಕೊಳ್ಳದೆ ಅವರು ಕಂಬಕ್ಕೆ ಕಾಲು ಕೊಡುತ್ತಿರಲಿಲ್ಲ. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಈ ಲೈನಿನಲ್ಲಿ ಈಗ ಕರೆಂಟ್ ಇಲ್ಲ, ನೀನು ವಾಪಸ್ ಹೇಳುವ ತನಕ ಯಾರೂ ಹಾಕುವುದಿಲ್ಲ ಎಂದು ಆ ಕಡೆಯವರು ಕೊಡುವ ಮಾತು. ಕೆಲಸ ಮುಗಿದ ಮೇಲೆ ಅದೇ ಎಲ್‌ಸಿಯನ್ನು ವಾಪಸ್ ಕೊಡಬೇಕು, ಆಮೇಲೇ ಊರಿಗೆ ದೀಪ. ನಿನ್ನ ಇನ್‌ಸ್ಟಾಲರ್ ಕೇಳುತ್ತಿರುವುದೂ ಒಂದು ಎಲ್‌ಸಿಯನ್ನೇ.

ಯಾಕೆ ಎಂದು ತಿಳಿದುಕೊಂಡರೆ ಭಯ ಅರ್ಧ ಹೋಗುತ್ತದೆ. ನೀನು ನೋಡುವ ಕಿಟಕಿಗಳು, ಐಕಾನುಗಳು, ಮೌಸಿನ ಬಾಣ, ಇವೆಲ್ಲವನ್ನೂ ಬಿಡಿಸುವುದು ಒಂದು ಪ್ರೋಗ್ರಾಮು. ಹಳೆಯದು ಎಕ್ಸ್. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು, ಅದರ ಹನ್ನೊಂದನೆಯ ರೂಪ 1987ರಲ್ಲಿ ಬಂತು, ಇವತ್ತಿಗೂ ನಡೆಯುತ್ತಿದೆ. 2008ರಲ್ಲಿ ಶುರುವಾದ ವೇಲ್ಯಾಂಡ್ ಈಗ ಅದರ ಜಾಗಕ್ಕೆ ಬರುತ್ತಿದೆ. ಯಾವುದೇ ಆಗಲಿ, ಅದು ಗ್ರಾಫಿಕ್ಸ್ ಕಾರ್ಡಿನ ಜೊತೆ ಮಾತಾಡುವುದು ಡ್ರೈವರಿನ ಮೂಲಕ. ಆ ಡ್ರೈವರಿನ ಒಂದು ತುಂಡು ಲಿನಕ್ಸಿನ ಕರ್ನಲ್ಲಿನ ಒಳಗೆ ಮಾಡ್ಯೂಲ್ ಆಗಿ ಕೂತಿರುತ್ತದೆ, ಇನ್ನೊಂದು ತುಂಡು ಲೈಬ್ರರಿ ಫೈಲುಗಳಾಗಿ ಡಿಸ್ಕಿನಲ್ಲಿರುತ್ತದೆ. ಡೆಸ್ಕ್‌ಟಾಪ್ ನಡೆಯುತ್ತಿರುವಷ್ಟು ಹೊತ್ತೂ ಅದು ಈ ಎರಡನ್ನೂ ಹಿಡಿದುಕೊಂಡೇ ಇರುತ್ತದೆ. ಯಾರೋ ಹಿಡಿದುಕೊಂಡಿರುವ ಮಾಡ್ಯೂಲನ್ನು ಕರ್ನಲ್ ಕೆಳಗಿಳಿಸುವುದಿಲ್ಲ. ಹಳೆಯದು ಇಳಿಯದೆ ಹೊಸದನ್ನು ಏರಿಸಿ ಪರೀಕ್ಷಿಸಲು ಆಗುವುದಿಲ್ಲ. ಬಲವಂತ ಮಾಡಿದರೆ ಡಿಸ್ಕಿನಲ್ಲಿ ಒಂದು ಆವೃತ್ತಿ, ಕರ್ನಲ್ಲಿನಲ್ಲಿ ಇನ್ನೊಂದು ಆವೃತ್ತಿ ಆಗಿ, ಎರಡೂ ಒಂದರ ಮಾತು ಒಂದು ಕೇಳುವುದಿಲ್ಲ.

ಎಕ್ಸ್ ನಡೆಯುತ್ತಿದೆಯೇ ಎಂದು ಇನ್‌ಸ್ಟಾಲರ್ ಮಾಡುವ ಈ ತಪಾಸಣೆಯನ್ನು ದಾಟಲು ಸ್ವಿಚ್ಚುಗಳಿವೆ. ಟಿಎಂಪಿ ಫೋಲ್ಡರಿನಲ್ಲಿ ಎಕ್ಸ್ ಇಟ್ಟಿರುವ ಬೀಗದ ಫೈಲನ್ನು ಅಳಿಸಿಬಿಡು ಎಂದು ಸಲಹೆ ಕೊಡುವವರೂ ಇದ್ದಾರೆ. ಕೆಲವು ಹೊಸ ಇನ್‌ಸ್ಟಾಲರ್‌ಗಳು ತಾವೇ ಎಚ್ಚರಿಕೆ ಕೊಟ್ಟು ‘ಆದರೂ ಮುಂದುವರಿಸಲೇ’ ಎಂದು ಕೇಳುತ್ತವೆ. ಬೇಡ. ಡೆಸ್ಕ್‌ಟಾಪ್ ನಿಜಕ್ಕೂ ನಿಂತಿದ್ದು, ಹಿಂದಿನ ಸಲ ಕುಸಿದುಬಿದ್ದಾಗ ಉಳಿದ ಬೀಗ ಮಾತ್ರ ಅಲ್ಲಿದ್ದರೆ ಅಳಿಸಬಹುದು. ನಡೆಯುತ್ತಿರುವಾಗ ಅಳಿಸುವುದು, ಲೈನಿಗೆ ತೂಗುಹಾಕಿದ ‘ಅಪಾಯ’ ಫಲಕವನ್ನು ಕಿತ್ತು ಬಿಸಾಕಿ ಕರೆಂಟ್ ಹೋಯಿತು ಎಂದುಕೊಂಡ ಹಾಗೆ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕಿತ್ತು. ನಿನಗೆ ಆ ಫೈಲು ಬೇಕೇ ಬೇಕಾ? ನೀನು ಹಾಕಿಕೊಂಡಿರುವುದು ಉಬುಂಟು. ಅದರಲ್ಲಿ ‘ಅಡಿಷನಲ್ ಡ್ರೈವರ್ಸ್’ ಎಂಬ ಜಾಗವಿದೆ. ನಿನ್ನ ಕಾರ್ಡಿಗೆ ಹೊಂದುವ ಡ್ರೈವರನ್ನು ಅದೇ ತೋರಿಸುತ್ತದೆ, ಆರಿಸಿ ಒತ್ತಿದರೆ ಡೆಸ್ಕ್‌ಟಾಪ್ ನಡೆಯುತ್ತಿರುವಾಗಲೇ ಪ್ಯಾಕೇಜ್ ಇಳಿದು ಕೂರುತ್ತದೆ. ಆಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಆಯಿತು. ಫೆಡೋರದವರಿಗೆ ಆರ್‌ಪಿಎಂ ಫ್ಯೂಷನ್ ಇದೆ, ಡೆಬಿಯನ್‌ನವರಿಗೆ ನಾನ್-ಫ್ರೀ ಭಂಡಾರವಿದೆ. ಇವು ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮಾಡ್ಯೂಲನ್ನೂ ಜೊತೆಗೇ ಸರಿಮಾಡಿಕೊಳ್ಳುತ್ತವೆ. ನೇರವಾಗಿ ಇಳಿಸಿದ ಫೈಲು ಆ ಜವಾಬ್ದಾರಿಯನ್ನು ತಾನಾಗಿ ಹೊರುವುದಿಲ್ಲ, ಅದರ ಏರ್ಪಾಡನ್ನು ನೀನು ನೋಡಿಕೊಳ್ಳಬೇಕು. ಮನೆಯ ಕಂಪ್ಯೂಟರಿಗೆ ಪ್ಯಾಕೇಜೇ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿನ್ನ ಪ್ರಾಜೆಕ್ಟಿಗೆ ಇಂಥದ್ದೇ ಆವೃತ್ತಿ ಬೇಕು ಎಂದು ಮೇಷ್ಟ್ರು ಹೇಳಿದ್ದಾರೆ ಅಂತ ಬರೆದಿದ್ದೀಯ. ಆ ಆವೃತ್ತಿ ಪ್ಯಾಕೇಜಿನಲ್ಲೇ ಇದೆಯಾ ಎಂದು ಇವತ್ತೇ ನೋಡು. ಇದ್ದರೆ ಮುಂದಿನದ್ದನ್ನು ನಿಧಾನವಾಗಿ ಓದು. ಆದರೂ ಓದು. ಗ್ರಾಫಿಕ್ಸಿನಿಂದ ಹೊರಗೆ ಬರುವ ದಾರಿ ಡ್ರೈವರ್ ಹಾಕುವ ದಿನಕ್ಕಿಂತ ಹೆಚ್ಚಾಗಿ, ಯಾವುದೋ ಅಪ್‌ಡೇಟ್ ಆದ ಮರುದಿನ ಬೆಳಿಗ್ಗೆ ಪರದೆ ಕಪ್ಪಾದಾಗ ಬೇಕಾಗುತ್ತದೆ.

ಈಗ ‘ಹೊರಗೆ ಬರೋದು ಎಲ್ಲಿಗೆ’ ಎಂಬ ಪ್ರಶ್ನೆಗೆ ಬರೋಣ. ನಾವು ಲಿನಕ್ಸ್ ಕಲಿಯುವಾಗ ಯಂತ್ರ ಶುರುವಾದರೆ ಬರುತ್ತಿದ್ದುದೇ ಅಕ್ಷರದ ಪರದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಚಿತ್ರದ ಡೆಸ್ಕ್‌ಟಾಪ್ ಬೇಕೆನಿಸಿದರೆ ‘ಸ್ಟಾರ್ಟ್‌ಎಕ್ಸ್’ ಎಂದು ಬೆರಳಚ್ಚಿಸುತ್ತಿದ್ದೆವು. ಚಿತ್ರ ಅಕ್ಷರದ ಮೇಲೆ ಕಟ್ಟಿದ ಮಹಡಿ. ನೀವು ಹುಟ್ಟಿನಿಂದ ಮಹಡಿಯಲ್ಲೇ ಇದ್ದವರು, ಕೆಳಗೆ ಒಂದು ನೆಲಮನೆ ಇದೆ ಎಂದು ಯಾರೂ ತೋರಿಸಿಲ್ಲ. ಅದು ಇವತ್ತಿಗೂ ಹಾಗೇ ಇದೆ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತು, ಕಪ್ಪು ನೆಲದ ಮೇಲೆ ಬಿಳಿ ಅಕ್ಷರದಲ್ಲಿ ‘ಲಾಗಿನ್’ ಎಂದು ಕೇಳುತ್ತದೆ. ಹೆಸರು ಬರೆದು ಎಂಟರ್ ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ. ಬೆರಳಚ್ಚಿಸುವಾಗ ಚುಕ್ಕಿಯೂ ಕಾಣುವುದಿಲ್ಲ, ನಕ್ಷತ್ರವೂ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಎಂದುಕೊಳ್ಳಬೇಡ, ಸುಮ್ಮನೆ ಪೂರ್ತಿ ಬರೆದು ಎಂಟರ್ ಒತ್ತು. ಪಾಸ್‌ವರ್ಡಿನಲ್ಲಿ ಅಂಕೆಗಳಿದ್ದರೆ ಮೇಲಿನ ಸಾಲಿನವನ್ನೇ ಬಳಸು, ಪಕ್ಕದ ಅಂಕೆಪಟ್ಟಿ ಅಲ್ಲಿ ಆಫ್ ಆಗಿರಬಹುದು. ಉಬುಂಟುವಿನಲ್ಲಿ ಸಾಮಾನ್ಯವಾಗಿ ಎಫ್1 ಲಾಗಿನ್ ಚಿತ್ರಕ್ಕೆ, ಎಫ್2 ನಿನ್ನ ಡೆಸ್ಕ್‌ಟಾಪಿಗೆ, ಎಫ್3ರಿಂದ ಎಫ್6ರ ತನಕ ಅಕ್ಷರದ ಪರದೆಗಳಿಗೆ. ಇವತ್ತು ರಾತ್ರಿ ಇದನ್ನೇ ನಾಲ್ಕೈದು ಸಲ ಅಭ್ಯಾಸ ಮಾಡು: ಹೋಗು, ಲಾಗಿನ್ ಆಗು, ದಿನಾಂಕ ಕೇಳು, ‘ಎಕ್ಸಿಟ್’ ಕೊಟ್ಟು ಕಂಟ್ರೋಲ್-ಆಲ್ಟ್-ಎಫ್2ರಿಂದ ವಾಪಸ್ ಬಾ. ಇದರಿಂದ ಏನೂ ಕೆಡುವುದಿಲ್ಲ.

ಬಹಳ ಜನ ಎಡವುವುದು ಇಲ್ಲೇ. ಎಫ್3ಕ್ಕೆ ಹೋದ ಮಾತ್ರಕ್ಕೆ ಡೆಸ್ಕ್‌ಟಾಪ್ ನಿಂತಿಲ್ಲ, ಪರದೆಯ ಹಿಂದೆ ಅದು ತನ್ನ ಪಾಡಿಗೆ ನಡೆಯುತ್ತಲೇ ಇದೆ. ನೀನು ಮುಖ ತಿರುಗಿಸಿದ್ದೀಯ ಅಷ್ಟೇ. ಲೈನು ಇನ್ನೂ ಬಿಸಿ. ಅದನ್ನು ನಿಲ್ಲಿಸುವ ಆಜ್ಞೆ ಬೇರೆ: ‘ಸುಡೋ ಸಿಸ್ಟಮ್‌ಸಿಟಿಎಲ್ ಐಸೊಲೇಟ್ ಮಲ್ಟಿ-ಯೂಸರ್ ಡಾಟ್ ಟಾರ್ಗೆಟ್’. ಅಕ್ಷರದ ಪರದೆ, ನೆಟ್‌ವರ್ಕ್, ಹಿನ್ನೆಲೆ ಸೇವೆಗಳು ಇರಲಿ, ಚಿತ್ರದ ಡೆಸ್ಕ್‌ಟಾಪ್ ಇಳಿಯಲಿ ಎಂದು ಅದರ ಅರ್ಥ. ತೆರೆದಿಟ್ಟ ಕಿಟಕಿಗಳೆಲ್ಲ ಮುಚ್ಚಿಹೋಗುತ್ತವೆ, ಸೇವ್ ಮಾಡದ ಬರಹ ಉಳಿಯುವುದಿಲ್ಲ. ಲಾಗಿನ್ ಚಿತ್ರ ತೋರಿಸುವ ಡಿಸ್‌ಪ್ಲೇ ಮ್ಯಾನೇಜರನ್ನಷ್ಟೇ ನಿಲ್ಲಿಸುವ ದಾರಿಯೂ ಉಂಟು, ‘ಸುಡೋ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಡಿಸ್‌ಪ್ಲೇ-ಮ್ಯಾನೇಜರ್’. ಹಳೆಯ ಪುಸ್ತಕಗಳಲ್ಲಿ ‘ಇನಿಟ್ 3’, ಅಂದರೆ ಮೂರನೆಯ ಮಟ್ಟಕ್ಕೆ ಹೋಗು, ಎಂದಿರುತ್ತದೆ. ಅದು ರೆಡ್ ಹ್ಯಾಟ್ ವಂಶದವರ ಅಭ್ಯಾಸ. ಹಳೆಯ ಡೆಬಿಯನ್, ಉಬುಂಟುಗಳಲ್ಲಿ ಎರಡರಿಂದ ಐದರ ತನಕ ಎಲ್ಲ ಮಟ್ಟವೂ ಒಂದೇ ಆಗಿದ್ದುದರಿಂದ ಅಲ್ಲಿ ಮೂರು ಎಂದರೂ ಡೆಸ್ಕ್‌ಟಾಪ್ ಕದಲುತ್ತಿರಲಿಲ್ಲ. ಆ ಕಾಲದಲ್ಲಿ ಇದೊಂದರಿಂದಲೇ ಎಷ್ಟು ಹುಡುಗರ ಸಂಜೆಗಳು ಹಾಳಾದವೋ.

‘ಐಸೊಲೇಟ್’ ಕೊಟ್ಟದ್ದು ಆ ಹೊತ್ತಿಗೆ ಮಾತ್ರ, ರೀಸ್ಟಾರ್ಟ್ ಮಾಡಿದರೆ ಡೆಸ್ಕ್‌ಟಾಪ್ ತಾನಾಗಿ ಬರುತ್ತದೆ. ‘ಸೆಟ್-ಡೀಫಾಲ್ಟ್’ ಎಂಬ ಇನ್ನೊಂದಿದೆ, ಅದರಲ್ಲಿ ಮಲ್ಟಿ-ಯೂಸರ್ ಎಂದು ಇಟ್ಟರೆ ಪ್ರತಿ ಸಲವೂ ಅಕ್ಷರದ ಪರದೆಯೇ. ಅದು ಬೇಕಾಗುವ ಸಂದರ್ಭವನ್ನು ಆಮೇಲೆ ಹೇಳುತ್ತೇನೆ. ಆದರೆ ಅದನ್ನು ಮತ್ತೆ ‘ಗ್ರಾಫಿಕಲ್ ಡಾಟ್ ಟಾರ್ಗೆಟ್’ಗೆ ತಿರುಗಿಸುವುದು ಮರೆತು, ಡ್ರೈವರ್ ಸರಿಯಾಗಿ ಕೂತಿದ್ದರೂ ಡೆಸ್ಕ್‌ಟಾಪ್ ಬರುತ್ತಿಲ್ಲವೆಂದು ಎರಡು ದಿನ ಒದ್ದಾಡಿದವರನ್ನು ಕಂಡಿದ್ದೇನೆ. ವಾಪಸ್ ಕೊಡದ ಎಲ್‌ಸಿ ಅದು. ಲೈನಿನಲ್ಲಿ ದೋಷವೇ ಇಲ್ಲದೆ ಊರು ಕತ್ತಲಲ್ಲಿ ಕೂತಿರುತ್ತದೆ.

ಇಳಿಯುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ ಇಳಿಯುವುದಕ್ಕಿಂತ ದೊಡ್ಡದು.

ಮೊದಲು ಕಾಗದ. ಎಲ್ಲ ಆಜ್ಞೆಗಳನ್ನೂ ಇಂಗ್ಲಿಷ್ ಅಕ್ಷರದಲ್ಲಿ, ಖಾಲಿ ಜಾಗ ಎಲ್ಲಿ, ಅಡ್ಡಗೆರೆ ಎಲ್ಲಿ ಎಂದು ಗೊತ್ತಾಗುವ ಹಾಗೆ ಕೈಯಾರೆ ಬರೆದುಕೋ. ಫೋನಿನಲ್ಲಿ ನೋಡಿಕೊಳ್ಳುತ್ತೇನೆ ಅನ್ನಬೇಡ, ಬರೆದುಕೊಂಡರೆ ಒಂದೊಂದೂ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಹಿಂತಿರುಗಿ ಬರುವ ಆಜ್ಞೆಗಳನ್ನು ಹಾಳೆಯ ಮೇಲ್ಭಾಗದಲ್ಲಿ ಬರೆ.

ನೀನು ಡೆಸ್ಕ್‌ಟಾಪನ್ನು ಕನ್ನಡದಲ್ಲಿ ಇಟ್ಟುಕೊಂಡಿದ್ದೀಯ. ಅದನ್ನು ನೋಡಿ ನನಗೆಷ್ಟು ಸಂತೋಷವಾಯಿತೋ ಹೇಳಲಾರೆ. ಆದರೆ ಅಕ್ಷರದ ಪರದೆಗೆ ಕನ್ನಡ ಬರುವುದಿಲ್ಲ. ಆ ಕನ್ಸೋಲಿನ ಫಾಂಟಿಗೆ ಹೆಚ್ಚೆಂದರೆ 512 ಆಕಾರಗಳು ಹಿಡಿಸುತ್ತವೆ, ಒತ್ತಕ್ಷರವನ್ನು ಕೆಳಗೆ ಕೂರಿಸುವ, ಕೊಂಬು ಇಳಿ ಸೇರಿಸುವ ವ್ಯವಸ್ಥೆಯೇ ಅಲ್ಲಿಲ್ಲ. ಸಂದೇಶಗಳು ಕನ್ನಡದಲ್ಲಿದ್ದರೆ ನಿನಗೆ ಕಾಣುವುದು ಬರೀ ಚೌಕ, ವಜ್ರದಾಕಾರಗಳು. ಹಾಗಾಗಿ ಅಲ್ಲಿ ಲಾಗಿನ್ ಆದ ಕೂಡಲೇ ‘ಎಕ್ಸ್‌ಪೋರ್ಟ್ ಲ್ಯಾಂಗ್ ಈಕ್ವಲ್ಸ್ ಸಿ’ ಎಂದು ಕೊಡು (ಲ್ಯಾಂಗ್ ಮತ್ತು ಸಿ ಎರಡೂ ದೊಡ್ಡಕ್ಷರದಲ್ಲಿ), ಇಂಗ್ಲಿಷಿಗೆ ತಿರುಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಫೋಲ್ಡರಿನ ಹೆಸರು. ಇಳಿಸಿಕೊಂಡ ಫೈಲು ಕನ್ನಡ ಹೆಸರಿನ ಫೋಲ್ಡರಿನಲ್ಲಿ ಕೂತಿದ್ದರೆ ಅಲ್ಲಿಂದ ಅದರ ಹೆಸರು ಬರೆಯಲು ನಿನ್ನಿಂದ ಆಗುವುದಿಲ್ಲ. ಮೇಲಿರುವಾಗಲೇ ಆ ಫೈಲನ್ನು ನಿನ್ನ ಹೋಮ್ ಫೋಲ್ಡರಿಗೆ ತಂದು, ಚಿಕ್ಕದಾಗಿ ಇಂಗ್ಲಿಷಿನಲ್ಲಿ ಹೆಸರಿಡು.

ಇನ್‌ಸ್ಟಾಲರ್ ಮಾಡ್ಯೂಲನ್ನು ನಿನ್ನ ಕರ್ನಲ್ಲಿಗೆ ಹೊಂದುವ ಹಾಗೆ ಅಲ್ಲೇ ಕಟ್ಟುತ್ತದೆ. ಅದಕ್ಕೆ ಜಿಸಿಸಿ, ಮೇಕ್ ಮತ್ತು ಕರ್ನಲ್ ಹೆಡರ್‌ಗಳು ಬೇಕು. ಮೊದಲು ಎಲ್ಲ ಅಪ್‌ಡೇಟ್ ಮುಗಿಸಿ ರೀಸ್ಟಾರ್ಟ್ ಮಾಡು, ಆಮೇಲೆ ‘ಯುನೇಮ್ ಹೈಫನ್ ಆರ್’ ತೋರಿಸುವ ಆವೃತ್ತಿಯ ಹೆಡರ್‌ಗಳನ್ನೇ ಹಾಕಿಕೋ. ಇಲ್ಲದಿದ್ದರೆ ಒಂದು ಕರ್ನಲ್ಲಿನಲ್ಲಿ ಕೂತು ಇನ್ನೊಂದಕ್ಕೆ ಹೆಡರ್ ಹಾಕಿಕೊಂಡಂತಾಗುತ್ತದೆ. ಇದೆಲ್ಲ ಇಂಟರ್ನೆಟ್ ಇರುವಾಗಲೇ ಆಗಲಿ. ವೈಫೈ ಪಾಸ್‌ವರ್ಡ್ ನಿನ್ನ ಖಾತೆಯ ಕೀಲಿಗೊಂಚಲಲ್ಲಿದ್ದರೆ ಡೆಸ್ಕ್‌ಟಾಪ್ ಇಳಿದಾಗ ವೈಫೈಯೂ ಹೋಗುತ್ತದೆ.

ಇನ್ನೊಂದು ಹಗ್ಗ ಕಟ್ಟಿಟ್ಟುಕೋ: ಓಪನ್ ಎಸ್‌ಎಸ್‌ಎಚ್ ಸರ್ವರ್ ಹಾಕಿಟ್ಟರೆ, ಪರದೆ ಪೂರ್ತಿ ಕಪ್ಪಾದರೂ ಅದೇ ಮನೆಯ ನೆಟ್‌ವರ್ಕಿನಲ್ಲಿರುವ ನಿನ್ನ ಲ್ಯಾಪ್‌ಟಾಪಿನಿಂದ, ಕೊನೆಗೆ ಫೋನಿನಿಂದಲೂ, ಒಳಗೆ ಹೋಗಬಹುದು. ಆಗ ನಿನಗೆ ಕಾಣುತ್ತದೆ, ಯಂತ್ರ ಚೆನ್ನಾಗಿಯೇ ಉಸಿರಾಡುತ್ತಿದೆ, ಮುಖವಷ್ಟೇ ಕಾಣುತ್ತಿಲ್ಲ ಎಂದು. ಇದಕ್ಕೆ ತಂತಿಯ ನೆಟ್‌ವರ್ಕ್ ಇದ್ದರೆ ಒಳ್ಳೆಯದು. ಯುಪಿಎಸ್ ಇದೆ ತಾನೇ? ಕರೆಂಟ್ ಹೋಗುವ ಹೊತ್ತು ಬಿಟ್ಟು ಕೂತುಕೋ.

ಕಾರ್ಡಿನ ವಿಚಾರ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು ಜಿಟಿಎಕ್ಸ್ 1050 ಟಿಐ ಎಂದಿದ್ದೀಯ. ಅದು 2016ರದು, ಪಾಸ್ಕಲ್ ಎಂಬ ಪೀಳಿಗೆ. ಎಲ್ಲ ಕಾರ್ಡಿಗೂ ಎಲ್ಲ ಡ್ರೈವರ್ ಆಗುವುದಿಲ್ಲ. ಇದಕ್ಕೂ ಹಿಂದಿನ ಕೆಪ್ಲರ್ ಪೀಳಿಗೆಗೆ 470ರ ಸರಣಿಯೇ ಕೊನೆ, ಅದಕ್ಕೂ ಹಿಂದಿನ ಫರ್ಮಿಗೆ 390. ಹೊಸದು ಒಳ್ಳೆಯದು ಎಂದು ಕಣ್ಣುಮುಚ್ಚಿ ಇಳಿಸಬೇಡ, ನಿನ್ನ ಕಾರ್ಡಿನ ಹೆಸರು ಆ ಡ್ರೈವರಿನ ಪಟ್ಟಿಯಲ್ಲಿದೆಯಾ ನೋಡು. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲುಗಳ ಮೂಲಸಂಕೇತವನ್ನು ತೆರೆದಿಟ್ಟಿತು. ವರ್ಷಾನುಗಟ್ಟಲೆ ಕೇಳುತ್ತಿದ್ದ ನಮ್ಮಂಥವರಿಗೆ ಅದು ಹಬ್ಬದ ದಿನ. ಆದರೆ ತೆರೆದ ಮಾಡ್ಯೂಲುಗಳು ನಿನ್ನದಕ್ಕಿಂತ ಹೊಸ ಪೀಳಿಗೆಯಾದ ಟ್ಯೂರಿಂಗ್ ಮತ್ತು ಅದರ ನಂತರದ ಕಾರ್ಡುಗಳಿಗೆ ಮಾತ್ರ. ಹೊಸ ಇನ್‌ಸ್ಟಾಲರ್ ಯಾವ ಬಗೆಯ ಮಾಡ್ಯೂಲ್ ಬೇಕು ಎಂದು ಕೇಳಿದರೆ, ನಿನ್ನ ಕಾರ್ಡಿಗೆ ‘ಪ್ರೊಪ್ರೈಟರಿ’ಯೇ ಉತ್ತರ. ತೆರೆದದ್ದು ಎಂಬ ಪ್ರೀತಿಯಿಂದ ಇನ್ನೊಂದನ್ನು ಆರಿಸಿದರೆ ಕಾರ್ಡ್ ಏಳುವುದೇ ಇಲ್ಲ.

ಈಗ ನೂವೋ. ಫ್ರೆಂಚಿನಲ್ಲಿ ‘ಹೊಸದು’ ಎಂದರ್ಥ. ಕಂಪನಿಯ ನೆರವಿಲ್ಲದೆ, ಕಾರ್ಡಿನ ನಡವಳಿಕೆಯನ್ನು ಗಮನಿಸಿ ಗಮನಿಸಿ ಸ್ವಯಂಸೇವಕರು ಕಟ್ಟಿದ ಮುಕ್ತ ಡ್ರೈವರ್ ಅದು. 2010ರ ಫೆಬ್ರವರಿಯಲ್ಲಿ ಬಂದ 2.6.33ರ ಕರ್ನಲ್ಲಿನಿಂದ ಲಿನಕ್ಸಿನ ಜೊತೆಗೇ ಬರುತ್ತದೆ. ನೀನು ಈಗ ಡೆಸ್ಕ್‌ಟಾಪ್ ನೋಡುತ್ತಿರುವುದೇ ಅದರ ದಯೆಯಿಂದ, ಬೈಯಬೇಡ. ತೊಂದರೆ ಏನೆಂದರೆ, ಡೆಸ್ಕ್‌ಟಾಪ್ ಇಳಿಸಿದರೂ ನೂವೋ ಇಳಿಯುವುದಿಲ್ಲ. ಅಕ್ಷರದ ಪರದೆಯನ್ನು ಬಿಡಿಸುತ್ತಿರುವುದೂ ಅದೇ. ಹಾಗಾಗಿ ಅದನ್ನು ಬೂಟ್ ಆಗುವಾಗಲೇ ತಡೆಯಬೇಕು. ‘ಮಾಡ್‌ಪ್ರೋಬ್ ಡಾಟ್ ಡಿ’ ಫೋಲ್ಡರಿನಲ್ಲಿ ಒಂದು ಚಿಕ್ಕ ಫೈಲಿಟ್ಟು ‘ಬ್ಲ್ಯಾಕ್‌ಲಿಸ್ಟ್ ನೂವೋ’ ಎಂದೂ, ಕೆಳಗಿನ ಸಾಲಿನಲ್ಲಿ ‘ಆಪ್ಷನ್ಸ್ ನೂವೋ ಮೋಡ್‌ಸೆಟ್ ಈಕ್ವಲ್ಸ್ 0’ ಎಂದೂ ಬರೆದು, ‘ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ ಹೈಫನ್ ಯು’ ಕೊಡಬೇಕು. ಫೆಡೋರದಲ್ಲಾದರೆ ‘ಡ್ರಾಕಟ್’. ಈ ಕೊನೆಯ ಹೆಜ್ಜೆ ಬಿಟ್ಟರೆ ಮೊದಲಿನದು ವ್ಯರ್ಥ, ಯಾಕೆಂದರೆ ಬೂಟಿನ ಆರಂಭದ ಗಂಟಿನೊಳಗೆ ನೂವೋ ಇನ್ನೂ ಕೂತಿರಬಹುದು. ಇನ್‌ಸ್ಟಾಲರ್ ತಾನೇ ಈ ಫೈಲ್ ಬರೆದುಕೊಡಲೇ ಎಂದೂ ಕೇಳುತ್ತದೆ. ಬರೆದ ಮೇಲೆ ರೀಸ್ಟಾರ್ಟ್ ಆಗಬೇಕು, ಆಗುವಾಗ ನೇರ ಅಕ್ಷರದ ಪರದೆಗೇ ಬರಬೇಕು. ಆಗ ‘ಸೆಟ್-ಡೀಫಾಲ್ಟ್’ ಬೇಕಾಗುತ್ತದೆ. ಅದನ್ನು ತಿರುಗಿಸುವ ಆಜ್ಞೆಯನ್ನು ಹಾಳೆಯ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆ.

ಅಕ್ಷರದ ಪರದೆಯಲ್ಲಿ ಲಾಗಿನ್ ಆದ ಮೇಲೆ ಆ ಫೈಲನ್ನು ಮತ್ತೆ ಓಡಿಸು. ಇನ್‌ಸ್ಟಾಲರಿನ ಪ್ರಶ್ನೆಗಳು ಸುಲಭ. ಡಿಕೆಎಂಎಸ್ ಜೊತೆ ನೋಂದಾಯಿಸಲೇ ಎಂದರೆ ಹೌದು ಅನ್ನು, ಕರ್ನಲ್ ಬದಲಾದಾಗ ಮಾಡ್ಯೂಲನ್ನು ಮತ್ತೆ ಕಟ್ಟುವುದು ಅದೇ. ಮೊದಲು ಪ್ಯಾಕೇಜಿನ ಡ್ರೈವರ್ ಹಾಕಿದ್ದರೆ ಪೂರ್ತಿ ತೆಗೆದು ಬಾ, ಎರಡನ್ನೂ ಒಂದೇ ಯಂತ್ರದಲ್ಲಿ ಇಡಬಾರದು. ಸೆಕ್ಯೂರ್ ಬೂಟ್ ಆನ್ ಆಗಿದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಆಗ ಇನ್‌ಸ್ಟಾಲರ್ ಸಹಿ ಹಾಕಲೇ ಎಂದು ಕೇಳಿ ಒಂದು ಕೀಲಿಯನ್ನು ಹುಟ್ಟಿಸುತ್ತದೆ. ‘ಮಾಕ್‌ಯುಟಿಲ್’ ಆಜ್ಞೆಯಿಂದ ಆ ಕೀಲಿಯನ್ನು ನೋಂದಣಿಗೆ ಕೊಟ್ಟರೆ ಮುಂದಿನ ಬೂಟಿನಲ್ಲಿ ನೀಲಿ ಪರದೆಯೊಂದು ಬರುತ್ತದೆ. ಅದು ಕೆಲವೇ ಸೆಕೆಂಡು ಕಾಯುತ್ತದೆ, ಚಹಾ ತರಲು ಎದ್ದು ಹೋದರೆ ತಪ್ಪಿಹೋಗುತ್ತದೆ. ಯಾವುದಾದರೂ ಕೀ ಒತ್ತಿ, ‘ಎನ್‌ರೋಲ್’ ಆರಿಸಿ, ಕೀಲಿಗೆ ಕೊಟ್ಟ ಪಾಸ್‌ವರ್ಡ್ ಬರೆ.

ಎಲ್ಲ ಸರಿಯಾದರೆ ‘ಎನ್‌ವಿಡಿಯಾ-ಎಸ್‌ಎಂಐ’ ಎಂದು ಕೊಡು. ಕಾರ್ಡಿನ ಹೆಸರು, ಡ್ರೈವರಿನ ಆವೃತ್ತಿ ಇರುವ ಕೋಷ್ಟಕ ಬಂದರೆ ಕೆಲಸ ಆಗಿದೆ. ಗ್ರಾಫಿಕಲ್ ಟಾರ್ಗೆಟ್‌ಗೆ ತಿರುಗಿಸಿ ರೀಸ್ಟಾರ್ಟ್ ಮಾಡು.

ಸರಿಯಾಗದಿದ್ದರೆ? ಇದನ್ನು ಹೇಳಲಿಕ್ಕೇ ಇಷ್ಟು ಬರೆದೆ. 2006ರ ಸುಮಾರಿಗೆ ನಮ್ಮ ಲ್ಯಾಬಿಗೆ ಒಬ್ಬ ಹುಡುಗ ಅಳುತ್ತಾ ಬಂದ. ಡ್ರೈವರ್ ಹಾಕಿದ, ಪರದೆ ಕಪ್ಪಾಯಿತು. ನಾನು ನೋಡಿದೆ, ಎರಡು ಸಲ ಆಫ್ ಮಾಡಿ ಆನ್ ಮಾಡಿದೆ, ‘ಸಿಸ್ಟಮ್ ಹೋಗಿದೆ, ಹೊಸದಾಗಿ ಹಾಕೋಣ’ ಎಂದೆ. ಹಾಕಿದೆವು. ಅವನ ಕೊನೆಯ ವರ್ಷದ ಪ್ರಾಜೆಕ್ಟ್ ಆ ಡಿಸ್ಕಿನಲ್ಲಿತ್ತು. ಬೂಟ್ ಆಗುವಾಗ ಒಂದೇ ಒಂದು ಅಂಕೆ ಸೇರಿಸಿದ್ದರೆ ಅಕ್ಷರದ ಪರದೆ ಬರುತ್ತಿತ್ತು, ಅವನ ಫೈಲುಗಳೆಲ್ಲ ಅಲ್ಲೇ ಇದ್ದವು. ಅದು ನನಗೆ ಗೊತ್ತಾದದ್ದು ಕೆಲವು ತಿಂಗಳ ನಂತರ. ಆ ಹುಡುಗ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಕೇಳು. ಪರದೆ ಕಪ್ಪಾದರೆ ಮೊದಲು ಕಂಟ್ರೋಲ್-ಆಲ್ಟ್-ಎಫ್3. ಅದೂ ಬರದಿದ್ದರೆ ಇನ್ನೊಂದು ಯಂತ್ರದಿಂದ ಎಸ್‌ಎಸ್‌ಎಚ್. ಅದೂ ಇಲ್ಲವೆಂದರೆ ರೀಸ್ಟಾರ್ಟ್ ಮಾಡಿ, ಬೂಟ್ ಶುರುವಾಗುವಾಗ ಎಸ್ಕೇಪ್ ಒತ್ತು, ಹಳೆಯ ಬಯಾಸ್ ಆದರೆ ಶಿಫ್ಟ್ ಹಿಡಿದುಕೋ, ಗ್ರಬ್ ಎಂಬ ಬೂಟ್ ಪ್ರೋಗ್ರಾಮಿನ ಪಟ್ಟಿ ಕಾಣುತ್ತದೆ. ಮೊದಲ ಸಾಲಿನ ಮೇಲೆ ನಿಂತು ಇ ಒತ್ತು. ‘ಲಿನಕ್ಸ್’ ಎಂದು ಶುರುವಾಗುವ ಉದ್ದನೆಯ ಸಾಲಿನ ಕೊನೆಗೆ ಹೋಗಿ, ಒಂದು ಖಾಲಿ ಜಾಗ ಬಿಟ್ಟು 3 ಎಂದು ಬರೆ, ಎಫ್10 ಒತ್ತು. ಡೆಸ್ಕ್‌ಟಾಪ್ ಇಲ್ಲದೆ ಅಕ್ಷರದ ಪರದೆಗೆ ಬರುತ್ತೀಯ. ಅದೂ ಗೊಂದಲವಾಗಿ ಕಂಡರೆ ಅದೇ ಜಾಗದಲ್ಲಿ ‘ನೋಮೋಡ್‌ಸೆಟ್’ ಕೂಡ ಸೇರಿಸು. ಗ್ರಬ್‌ನಲ್ಲಿ ಹೀಗೆ ಬರೆದದ್ದು ಆ ಒಂದು ಬೂಟಿಗೆ ಮಾತ್ರ, ಯಾವುದೂ ಶಾಶ್ವತವಾಗಿ ಬದಲಾಗುವುದಿಲ್ಲ.

ಒಳಗೆ ಬಂದ ಮೇಲೆ ಊಹೆ ಮಾಡಬೇಡ, ಓದು. ‘ವಾರ್, ಲಾಗ್’ ಫೋಲ್ಡರಿನಲ್ಲಿ ಎನ್‌ವಿಡಿಯಾ-ಇನ್‌ಸ್ಟಾಲರ್ ಲಾಗ್ ಇರುತ್ತದೆ. ತಪ್ಪು ಎಲ್ಲಿ ಎಂದು ಅದರ ಕೊನೆಯ ಕೆಲವು ಸಾಲುಗಳಲ್ಲಿ ಬಹುತೇಕ ಸಿಗುತ್ತದೆ. ಹೆಡರ್ ಸಿಗಲಿಲ್ಲವೋ, ನೂವೋ ಇನ್ನೂ ಕೂತಿದೆಯೋ, ಸಹಿ ಇಲ್ಲವೆಂದು ಕರ್ನಲ್ ತಳ್ಳಿತೋ. ಅರ್ಥವಾಗದಿದ್ದರೆ ‘ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್’ ಕೊಟ್ಟು, ನೂವೋ ತಡೆದ ಆ ಚಿಕ್ಕ ಫೈಲನ್ನು ಅಳಿಸಿ, ಇನಿಟ್‌ರ‍್ಯಾಮ್‌ಎಫ್‌ಎಸ್ ಮತ್ತೆ ಕಟ್ಟಿ, ಗ್ರಾಫಿಕಲ್‌ಗೆ ತಿರುಗಿಸಿ ರೀಸ್ಟಾರ್ಟ್ ಮಾಡು. ನಿನ್ನೆ ಇದ್ದ ಡೆಸ್ಕ್‌ಟಾಪ್ ಮತ್ತೆ ಬರುತ್ತದೆ.

ಭಾನುವಾರ ಬೆಳಿಗ್ಗೆ ತಿಂಡಿ ತಿಂದು ಕೂತುಕೋ, ರಾತ್ರಿ ಹನ್ನೊಂದಕ್ಕೆ ಬೇಡ. ಪ್ರಾಜೆಕ್ಟಿನ ಫೋಲ್ಡರನ್ನು ಶನಿವಾರವೇ ಪೆನ್‌ಡ್ರೈವಿಗೆ ಹಾಕಿ ಅಮ್ಮನ ಬೀರುವಿನಲ್ಲಿಡು. ನಾನು ಫೋನಿನ ಹತ್ತಿರವೇ ಇರುತ್ತೇನೆ. ಕೋಷ್ಟಕ ಬಂದರೂ ಫೋಟೊ ಕಳಿಸು, ಕಪ್ಪು ಪರದೆ ಬಂದರೂ ಕಳಿಸು. ಯಾವುದೇ ಬಂದರೂ ನಾನು ಮೊದಲು ಕೇಳುವುದು ಆ ಹಾಳೆಯನ್ನೇ: ಮೇಲ್ಭಾಗದಲ್ಲಿ ಏನು ಬರೆದಿದ್ದೀಯ, ಓದಿ ಹೇಳು ಎಂದು.

ನಿನ್ನ ಮಾವ